ಲೈನನ್ನು ನೆಲದಡಿ ಹಾಕಬಾರದಾ ಮಾರಾಯ?

ಕಳೆದ ಜೂನ್ ತಿಂಗಳ ಒಂದು ಶನಿವಾರ. ಕಾಲೇಜು ಮುಗಿಸಿ ಪುತ್ತೂರಿನಲ್ಲಿ ಬಸ್ ಹಿಡಿದು, ಕುಂಬ್ರ, ಮಾಡಾವು ದಾಟಿ ಬೆಳ್ಳಾರೆಯಲ್ಲಿ ಇಳಿದು ಮನೆ ಸೇರುವಾಗ ಸಂಜೆ ಆರೂವರೆ. ಕರೆಂಟು ಮಧ್ಯಾಹ್ನವೇ ಹೋಗಿತ್ತಂತೆ. ಇನ್ವರ್ಟರ್ ಕೂಗುವಷ್ಟು ಕೂಗಿ ಸುಮ್ಮನಾಗಿತ್ತು. ಜಗಲಿಯಲ್ಲಿ ದೊಡ್ಡಪ್ಪ ಟಾರ್ಚ್ ಬೆಳಕಿನಲ್ಲಿ ಮದ್ದು ಬಿಡುವ ಪಂಪಿನ ವಾಷರ್ ಬದಲಾಯಿಸುತ್ತಾ ಕೂತಿದ್ದರು.

"ಎಷ್ಟನೇ ಸೆಮ್ ಈಗ ನಿನ್ನದು?"

"ನಾಲ್ಕನೆಯದು ಮುಗೀತಾ ಬಂತು ದೊಡ್ಡಪ್ಪ."

"ಇಲೆಕ್ಟ್ರಿಕಲ್ ಅಲ್ವಾ? ಹಾಗಾದ್ರೆ ಒಂದು ಹೇಳು. ಈ ಹಳೇ ಲೈನನ್ನೆಲ್ಲ ತೆಗೆದು ನೆಲದಡಿ ಹಾಕಬಾರದಾ ಮಾರಾಯ? ಮರ ಬಿದ್ರೂ ತೊಂದ್ರೆ ಇಲ್ಲ, ಗಾಳಿ ಬಂದ್ರೂ ತೊಂದ್ರೆ ಇಲ್ಲ. ಬೆಂಗಳೂರಲ್ಲಿ ಹಾಕ್ತಾರಂತೆ."

"ಖರ್ಚು ಜಾಸ್ತಿ ಆಗ್ತದೆ" ಎಂದೆ.

"ಎಷ್ಟು ಜಾಸ್ತಿ?"

ನನ್ನಲ್ಲಿ ಉತ್ತರ ಇರಲಿಲ್ಲ. ಅದೇ ಸೆಮಿಸ್ಟರಿನಲ್ಲಿ ಟ್ರಾನ್ಸ್‌ಮಿಷನ್ ಆ್ಯಂಡ್ ಡಿಸ್ಟ್ರಿಬ್ಯೂಷನ್ ಪೇಪರಿಗೆ ಕೇಬಲ್‌ಗಳ ಅಧ್ಯಾಯವನ್ನು ಹತ್ತು ಮಾರ್ಕಿನ ಎರಡು ಪ್ರಶ್ನೆಗಳಾಗಿ ಬಾಯಿಪಾಠ ಮಾಡಿದ್ದೆ. ಚಿತ್ರ ಬಿಡಿಸಿ ಭಾಗಗಳನ್ನು ಹೆಸರಿಸಲು ಬರುತ್ತಿತ್ತು. ದೊಡ್ಡಪ್ಪ ಕೇಳಿದ್ದು ಅದನ್ನಲ್ಲ.

ಅವರ ಪ್ರಶ್ನೆಯ ಹಿಂದೆ ಇನ್ನೊಂದು ವಿಷಯ ಇತ್ತು. ಯಾವುದೋ ಹೈಟೆನ್ಶನ್ ಲೈನು ನಮ್ಮ ಕಡೆಯಿಂದಲೇ ಹೋಗುತ್ತದೆ ಎಂದು ಊರಲ್ಲಿ ಮಾತು ಎದ್ದಿತ್ತು. ಕರೆಂಟು ಬೇಕು ಎಂದು ಹತ್ತು ವರ್ಷದಿಂದ ಹೇಳುತ್ತಾ ಬಂದವರೂ ಅವರೇ, ತೋಟದ ಮೇಲೆ ತಂತಿ ಬೇಡ ಎನ್ನುವವರೂ ಅವರೇ. ತಪ್ಪು ಎನ್ನಲು ನನಗೆ ಮನಸ್ಸು ಬರಲಿಲ್ಲ. ನಮ್ಮ ತೋಟ ಇರುವುದೇ ಒಂದೂವರೆ ಎಕರೆ.

ಮೊದಲು ನಮ್ಮ ಕಡೆ ಕರೆಂಟು ಯಾಕೆ ಹೀಗೆ ಎಂಬುದನ್ನು ಹೇಳಬೇಕು. ಸುಳ್ಯ ತಾಲೂಕಿನ ಕಡೆಗೆ ಬಹುಕಾಲದಿಂದ ಬರುತ್ತಿರುವುದು 33 ಕೆವಿ ಲೈನು. ಅದು ರಬ್ಬರ್ ತೋಟ, ಗುಡ್ಡೆ, ಮೀಸಲು ಅರಣ್ಯದ ಅಂಚು ಎಲ್ಲ ಹಾದು ಬರಬೇಕು. ತೋಟದ ಮೈನ್ ಪೈಪ್ ಒಂದೇ ಇದ್ದ ಹಾಗೆ. ಮೇಲೆ ಎಲ್ಲಿ ಒಡೆದರೂ ಕೆಳಗಿನ ಅಷ್ಟೂ ಗಿಡಕ್ಕೆ ನೀರಿಲ್ಲ. ಇನ್ನೊಂದು ದಿಕ್ಕಿನಿಂದ ನೀರು ಕೊಡುವ ಪೈಪ್ ಇದ್ದಿದ್ದರೆ ಒಡೆದ ತುಂಡನ್ನು ಮಾತ್ರ ಬಂದ್ ಮಾಡಬಹುದಿತ್ತು. ಮಳೆಗಾಲದಲ್ಲಿ ಕೊಂಬೆಯೊಂದು ತಂತಿಗೆ ತಾಗಿದರೆ ಉಪಕೇಂದ್ರದ ರಿಲೇ ಅದನ್ನು ಗುರುತಿಸಿ ಬ್ರೇಕರ್ ಬೀಳಿಸುತ್ತದೆ. ರಿಲೇಯ ಕೆಲಸವೇ ಅದು, ಅಲ್ಲಿ ದೋಷ ಏನೂ ಇಲ್ಲ. ಆಮೇಲೆ ಆ ಕೊಂಬೆ ಎಲ್ಲಿದೆ ಎಂದು ಹುಡುಕಬೇಕಲ್ಲ. ಅದಕ್ಕೆ ಇರುವುದು ರೈನ್‌ಕೋಟ್ ಹಾಕಿ, ಟಾರ್ಚ್ ಹಿಡಿದು ಲೈನಿನಡಿ ನಡೆಯುವ ಪವರ್‌ಮ್ಯಾನ್‌ಗಳು. ರಾತ್ರಿ ಹನ್ನೊಂದಕ್ಕೆ ನಾವು ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ 'ಕರೆಂಟ್ ಯಾವಾಗ?' ಎಂದು ಕೇಳುತ್ತಿರುವಾಗ ಅವರಲ್ಲೊಬ್ಬರು ಜಿಗಣೆ ಕಿತ್ತು ಬಿಸಾಡುತ್ತಾ ಯಾವುದೋ ತೋಡು ದಾಟುತ್ತಿರುತ್ತಾರೆ. 2024ರ ಕೊನೆಯಲ್ಲಿ ಕಿರಿಯ ಪವರ್‌ಮ್ಯಾನ್ ಹುದ್ದೆಗಳಿಗೆ ಅರ್ಜಿ ಕರೆದಾಗ ನಮ್ಮೂರಿನ ಇಬ್ಬರು ಅಣ್ಣಂದಿರು ಕಂಬ ಹತ್ತುವ ಪರೀಕ್ಷೆಗೆಂದು ಶಾಲೆಯ ಮೈದಾನದ ಬದಿಯ ಖಾಲಿ ಕಂಬದಲ್ಲಿ ಅಭ್ಯಾಸ ಮಾಡುತ್ತಿದ್ದರು. ಆಗ ನಮಗೆ ಅದು ತಮಾಷೆಯಾಗಿ ಕಂಡಿತ್ತು.

ಬೇಸಗೆಯ ಕತೆ ಬೇರೆ. ಜನವರಿಯಿಂದ ಮೇ ತನಕ ಅಡಿಕೆಗೆ ನೀರು ಬಿಡುವ ಕಾಲ. ಎಲ್ಲರ ಪಂಪೂ ಒಟ್ಟಿಗೇ ಚಾಲೂ. ಆಗ ತಂತಿ ತುಂಡಾಗುವುದಿಲ್ಲ, ಆದರೆ ವೋಲ್ಟೇಜ್ ಬೀಳುತ್ತದೆ. ಪಂಪ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ, ಮೋಟಾರಿನ ಸುರುಳಿ ಸುಟ್ಟು ರಿವೈಂಡಿಂಗ್ ಅಂಗಡಿಗೆ ಹೋಗುತ್ತದೆ. ಮಾಡಾವಿನಲ್ಲಿ 110 ಕೆವಿ ಉಪಕೇಂದ್ರ ಬಂದಿದೆ. ಸುಳ್ಯಕ್ಕೂ 110 ಕೆವಿ ಬೇಕು ಎಂಬ ಬೇಡಿಕೆ ನಾನು ಶಾಲೆಗೆ ಸೇರುವ ಮೊದಲಿನಿಂದಲೂ ಇದೆ. ಅದರ ಮಾರ್ಗ ಅರಣ್ಯದ ಅನುಮತಿ, ಜಮೀನಿನವರ ಆಕ್ಷೇಪಗಳ ನಡುವೆ ವರ್ಷಗಟ್ಟಲೆ ಸಿಕ್ಕಿಕೊಂಡಿತು. 110 ಕೆವಿ ಯಾಕೆ ಬೇಕು ಎಂದರೆ ಲೆಕ್ಕ ಸರಳ. ಅಷ್ಟೇ ವಿದ್ಯುತ್ತನ್ನು 33ರ ಬದಲು 110 ಕೆವಿಯಲ್ಲಿ ಕಳಿಸಿದರೆ ತಂತಿಯಲ್ಲಿ ಹರಿಯುವ ಕರೆಂಟು ಮೂರನೇ ಒಂದಕ್ಕಿಂತಲೂ ಕಡಿಮೆ. ತಂತಿ ಬಿಸಿಯಾಗಿ ಪೋಲಾಗುವುದು ಕರೆಂಟಿನ ವರ್ಗದಂತೆ ಇರುವುದರಿಂದ, ಅದೇ ತಂತಿಯಲ್ಲಿ ನಷ್ಟ ಹನ್ನೊಂದನೇ ಒಂದು ಭಾಗಕ್ಕೆ ಇಳಿಯುತ್ತದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ಕರೆಂಟು ಒಯ್ದವರು ಆ ಕಾಲಕ್ಕೇ 30 ಕೆವಿಗೂ ಹೆಚ್ಚು ಬಳಸಿದ್ದರು. ನೂರು ವರ್ಷ ದಾಟಿದ ಮೇಲೆ ನಾವು ತಾಲೂಕು ಪೂರ್ತಿ ಹೆಚ್ಚುಕಡಿಮೆ ಅಷ್ಟೇ ಒತ್ತಡದಲ್ಲಿ ನಡೆಸಲು ನೋಡುತ್ತಿದ್ದೇವೆ. (ತಂತಿಗಳಿಗೆ ಪ್ರಾಣಿಗಳ ಹೆಸರಿರುತ್ತದೆ ಎಂಬುದು ಕ್ಲಾಸಿನಲ್ಲಿ ನಮಗೆ ತುಂಬ ಇಷ್ಟವಾದ ವಿಷಯ. ವೀಸಲ್, ರ್ಯಾಬಿಟ್, ರ್ಯಾಕೂನ್, ಲಿಂಕ್ಸ್, ಮೂಸ್. ದಪ್ಪವಾದಷ್ಟೂ ಪ್ರಾಣಿ ದೊಡ್ಡದು.)

ಹಾಗಾದರೆ ದೊಡ್ಡಪ್ಪ ಕೇಳಿದಂತೆ ಅದೆಲ್ಲ ನೆಲದಡಿಯೇ ಬರಬಾರದೇಕೆ? ಪರೀಕ್ಷೆ ಮುಗಿದ ಮೇಲೆ ಲೈಬ್ರರಿಯಲ್ಲಿ ಕೂತು ಇದನ್ನು ಹುಡುಕಿದೆ. ಮಾರ್ಕಿಗಾಗಿ ಅಲ್ಲದೆ ಪುಸ್ತಕ ತೆರೆದದ್ದು ಅದೇ ಮೊದಲು ಎಂದು ಬರೆಯಲು ಸ್ವಲ್ಪ ನಾಚಿಕೆ.

ನೆಲದಡಿ ಬೇಕು ಎನ್ನುವವರ ಕಾರಣ ಸಣ್ಣದೇನಲ್ಲ. 2023ರ ನವೆಂಬರ್ 19ರ ಮುಂಜಾನೆ ಬೆಂಗಳೂರಿನ ಕಾಡುಗೋಡಿ ಬಳಿಯ ಹೋಪ್ ಫಾರ್ಮ್ ಜಂಕ್ಷನ್‌ನಲ್ಲಿ ಫುಟ್‌ಪಾತ್ ಮೇಲೆ ಬಿದ್ದಿದ್ದ ತಂತಿ ತುಳಿದು ತಾಯಿ ಮತ್ತು ಒಂಬತ್ತು ತಿಂಗಳ ಮಗು ತೀರಿಕೊಂಡರು. ಬೆಂಗಳೂರಿನಲ್ಲಿ 11 ಕೆವಿ ಲೈನುಗಳನ್ನು ನೆಲದಡಿಗೆ ಇಳಿಸುವ ದೊಡ್ಡ ಯೋಜನೆ ಅದಕ್ಕೂ ಮೊದಲೇ ಶುರುವಾಗಿತ್ತು. ಒಂದು ಕಿಲೋಮೀಟರಿನಲ್ಲಿ ಸಾವಿರಾರು ಜನ ಇರುವ ಕಡೆ ಆ ಖರ್ಚು ಸಾವಿರಾರು ಬಿಲ್ಲುಗಳ ಮೇಲೆ ಹಂಚಿಹೋಗುತ್ತದೆ. ನಮ್ಮಲ್ಲಿ ಒಂದು ಕಿಲೋಮೀಟರಿಗೆ ಕೆಲವೊಮ್ಮೆ ಎಂಟು ಮನೆ.

ಗಾಳಿಯಲ್ಲಿ ಹೋಗುವ ತಂತಿಗೆ ಹೊದಿಕೆ ಬೇಕಿಲ್ಲ. ಸುತ್ತಲಿನ ಗಾಳಿಯೇ ಇನ್ಸುಲೇಶನ್, ಅದು ಪುಕ್ಕಟೆ. ತಂಪು ಮಾಡುವುದೂ ಅದೇ ಗಾಳಿ. ನೆಲದಡಿ ಹೋದ ಕೂಡಲೇ ಈ ಎರಡೂ ಕೆಲಸವನ್ನು ದುಡ್ಡು ಕೊಟ್ಟು ಮಾಡಿಸಬೇಕು. ಈಗಿನ ಕೇಬಲ್‌ಗಳಲ್ಲಿ ಎಕ್ಸ್‌ಎಲ್‌ಪಿಇ ಎಂಬ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ಅದರೊಳಗಿನ ವಾಹಕ 90 ಡಿಗ್ರಿ ಸೆಲ್ಸಿಯಸ್ ದಾಟಬಾರದು. ಆ ಬಿಸಿ ಮಣ್ಣಿನ ಮೂಲಕವೇ ಹೊರಹೋಗಬೇಕು. ಒದ್ದೆ ಮಣ್ಣು ಬಿಸಿಯನ್ನು ಬೇಗ ಬಿಟ್ಟುಕೊಡುತ್ತದೆ, ಒಣಗಿದ ಮಣ್ಣು ಕಂಬಳಿಯಂತೆ ಹಿಡಿದಿಡುತ್ತದೆ. ನಮ್ಮ ಲೋಡ್ ಹೆಚ್ಚುವುದು ಮಾರ್ಚ್, ಏಪ್ರಿಲ್‌ನಲ್ಲಿ, ಅಂದರೆ ಮಣ್ಣು ಒಣಗಿದಾಗಲೇ. ಹಾಗೆಂದು ಮಳೆಗಾಲ ಕೇಬಲ್‌ಗೆ ಹಬ್ಬವೇನೂ ಅಲ್ಲ. ಹೊದಿಕೆಯೊಳಗೆ ತೇವ ಸೇರಿದರೆ ಮರದ ಕೊಂಬೆಯ ಆಕಾರದಲ್ಲಿ ಸೂಕ್ಷ್ಮ ಬಿರುಕುಗಳು ಬೆಳೆಯುತ್ತವೆ. ಅದಕ್ಕೆ ವಾಟರ್ ಟ್ರೀ ಎಂದೇ ಹೆಸರು. ಮರದಿಂದ ತಪ್ಪಿಸಿಕೊಳ್ಳಲು ನೆಲದಡಿ ಹೋದರೆ ಅಲ್ಲೂ ಒಂದು ಮರ.

33 ಕೆವಿ ಕೇಬಲ್ ಹೂಳಲು ನಮ್ಮ ಭಾರತೀಯ ಮಾನಕ ಹೇಳುವ ಆಳ 1.05 ಮೀಟರ್. ಬಯಲುಸೀಮೆಯ ಎರೆಮಣ್ಣಿನಲ್ಲಿ ಅದು ಜೆಸಿಬಿಗೆ ಅರ್ಧ ದಿನದ ಕೆಲಸ ಇರಬಹುದು. ನಮ್ಮಲ್ಲಿ ಒಂದು ಮೊಳ ಅಗೆದರೆ ಮುರಕಲ್ಲು, ಅದರ ಕೆಳಗೆ ಕೆಲವೆಡೆ ಕರಿಕಲ್ಲು. ನಡುನಡುವೆ ತೋಡು, ಹೊಳೆ, ಮೋರಿ, ಪಂಚಾಯತ್ ನೀರಿನ ಪೈಪ್. ಕೇಬಲ್‌ನ ತುಂಡುಗಳನ್ನು ಅಲ್ಲಲ್ಲಿ ಜೋಡಿಸಲೇಬೇಕು. ಹೆಚ್ಚಿನ ತೊಂದರೆ ಹುಟ್ಟುವುದು ಆ ಜಾಯಿಂಟ್‌ಗಳಲ್ಲಿ. ಧೂಳು, ಬೆವರು, ಒಂದು ಹನಿ ಮಳೆ ನೀರು ಒಳಗೆ ಉಳಿದರೂ ಕೆಲವು ವರ್ಷಗಳ ಮೇಲೆ ಅದು ಅಲ್ಲೇ ಸಿಡಿಯುತ್ತದೆ. ಒಳ್ಳೆಯ ಕೇಬಲ್ ಜಾಯಿಂಟರ್‌ಗೆ ಇರುವ ಬೇಡಿಕೆ ಬಿಇ ಸರ್ಟಿಫಿಕೇಟ್ ಹಿಡಿದ ನನ್ನಂಥವನಿಗೆ ಇರಲಾರದು. ಐಟಿಐ ಮುಗಿಸಿ ಏನು ಮಾಡುವುದೆಂದು ಯೋಚಿಸುತ್ತಿರುವವರು ಈ ಕೆಲಸವನ್ನು ಸ್ವಲ್ಪ ವಿಚಾರಿಸಿ ನೋಡಿ.

ಇನ್ನೊಂದು ಕಾರಣ ಇದೆ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಎರಡು ದಿನ ಬೇಕಾಯಿತು, ದೊಡ್ಡಪ್ಪನಿಗೆ ಹೇಳಿದಾಗ ಎರಡು ನಿಮಿಷದಲ್ಲಿ ಅರ್ಥವಾಯಿತು. ಸ್ಪ್ರಿಂಕ್ಲರ್ ಚಾಲೂ ಮಾಡಿದ ಕೂಡಲೇ ನೀರು ಹಾರುವುದಿಲ್ಲ. ಮೊದಲು ಪೈಪ್ ತುಂಬಬೇಕು. ಕೇಬಲ್ ಕೂಡ ಹಾಗೆಯೇ. ನಡುವೆ ವಾಹಕ, ಸುತ್ತ ಹೊದಿಕೆ, ಅದರ ಹೊರಗೆ ಲೋಹದ ಕವಚ ಇರುವುದರಿಂದ ಅದೊಂದು ಉದ್ದನೆಯ ಕೆಪಾಸಿಟರ್. ನಮ್ಮದು ಎಸಿ ಆದ್ದರಿಂದ ಈ ಪೈಪನ್ನು ಸೆಕೆಂಡಿಗೆ ನೂರು ಸಲ ತುಂಬಿಸಿ ಖಾಲಿ ಮಾಡಬೇಕು. ಅದಕ್ಕೆಂದೇ ಒಂದಷ್ಟು ಕರೆಂಟು ಹೋಗುತ್ತದೆ, ತುದಿಯಲ್ಲಿ ಒಂದೂ ಬಲ್ಬು ಉರಿಯದಿದ್ದರೂ. ಕಿಲೋಮೀಟರಿಗೆ 0.2 ಮೈಕ್ರೋಫ್ಯಾರಡ್ ಎಂದು ಹಿಡಿದು ನಾನೇ ಲೆಕ್ಕ ಹಾಕಿದೆ. 110 ಕೆವಿ ಕೇಬಲ್‌ಗೆ ಕಿಲೋಮೀಟರಿಗೆ ಸುಮಾರು 4 ಆಂಪಿಯರ್. 20 ಕಿ.ಮೀ. ಕೇಬಲ್ ಆದರೆ 80 ಆಂಪಿಯರ್. ಇದು ಸಂಭಾಳಿಸಬಹುದಾದ ಸಂಗತಿ. ಆದರೆ ಅದೇ ಲೆಕ್ಕವನ್ನು 400 ಕೆವಿಗೆ ಹಾಕಿದರೆ ಕಿಲೋಮೀಟರಿಗೆ 14 ಆಂಪಿಯರ್ ಮೀರುತ್ತದೆ. ನೂರು ಕಿ.ಮೀ.ಗೆ 1,400ಕ್ಕೂ ಹೆಚ್ಚು. ದೊಡ್ಡದೊಂದು ಕೇಬಲ್ ಹೊರಬಲ್ಲ ಕರೆಂಟೇ ಹೆಚ್ಚುಕಡಿಮೆ ಅಷ್ಟು. ಪೈಪ್ ತುಂಬಿಸುವುದಕ್ಕೇ ಪಂಪಿನ ಶಕ್ತಿಯೆಲ್ಲ ಮುಗಿದ ಹಾಗೆ.

ಉಡುಪಿಯ ಕಡೆಯಿಂದ ಕಾಸರಗೋಡಿಗೆ ಹೋಗುವ 400 ಕೆವಿ ಲೈನಿನ ವಿರುದ್ಧ ವಿಟ್ಲ, ಬಂಟ್ವಾಳ ಕಡೆಯ ಕೃಷಿಕರು ಹೋರಾಡುತ್ತಾ ಬಂದದ್ದು ನಮ್ಮ ಪತ್ರಿಕೆ ಓದುವವರಿಗೆಲ್ಲ ಗೊತ್ತು. ಅಲ್ಲಿ ಕೇಳಿಬಂದ ಪ್ರಶ್ನೆಗಳಲ್ಲಿ ನೆಲದಡಿ ಹಾಕಿ ಎಂಬುದೂ ಒಂದು. ನೂರು ಕಿ.ಮೀ. ಮೀರಿದ ಎಸಿ ಲೈನಿಗೆ ಅದು ಯಾಕೆ ಕಷ್ಟ ಎಂದು ಈ ಲೆಕ್ಕದಿಂದ ನನಗೆ ತಿಳಿಯಿತು. ಅಷ್ಟರಲ್ಲೇ ಕೇರಳದ ಉದಾಹರಣೆಯೂ ಸಿಕ್ಕಿತು. ತಮಿಳುನಾಡಿನ ಪುಗಳೂರಿನಿಂದ ತೃಶ್ಶೂರಿಗೆ 2021ರಲ್ಲಿ ಉದ್ಘಾಟನೆಯಾದ 2,000 ಮೆಗಾವ್ಯಾಟ್ ಲೈನಿನಲ್ಲಿ, ವಡಕ್ಕಾಂಚೇರಿಯಿಂದ ತೃಶ್ಶೂರಿನವರೆಗೆ ಸುಮಾರು 27 ಕಿ.ಮೀ. ನೆಲದಡಿಯೇ ಹೋಗುತ್ತದೆ. ನಮ್ಮ ಹಾಗೆಯೇ ಜನ, ತೋಟ, ಮನೆ ಒತ್ತೊತ್ತಾಗಿರುವ ಜಾಗ ಅದು. ಆದರೆ ಆ ಲೈನು ಡಿಸಿ. ಡಿಸಿಯಲ್ಲಿ ಪೈಪನ್ನು ಒಮ್ಮೆ ತುಂಬಿಸಿದರೆ ಮುಗಿಯಿತು. ಎರಡು ತುದಿಗಳಲ್ಲಿ ಎಸಿಯನ್ನು ಡಿಸಿ ಮಾಡಿ ಮತ್ತೆ ಎಸಿ ಮಾಡುವ ಸ್ಟೇಷನ್‌ಗಳಿಗೆ ಮಾತ್ರ ಭಾರೀ ದುಡ್ಡು ಬೇಕು. ಹಾಗಾಗಿ 'ಸಾಧ್ಯವೇ ಇಲ್ಲ' ಎಂದು ಯಾರಾದರೂ ಹೇಳಿದರೆ ಅದು ಸರಿಯಲ್ಲ. ಯಾರು ದುಡ್ಡು ಕೊಡುತ್ತಾರೆ ಎಂಬುದೇ ಪ್ರಶ್ನೆ.

ನೆಲದಡಿ ಹಾಕಿದ್ದೂ ಹಳೆಯದಾಗುತ್ತದೆ ಎಂಬುದಕ್ಕೆ ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಕತೆ ಓದಿ ನಾನು ಸುಸ್ತಾದೆ. ಆ ನಗರದ ನಡುಭಾಗಕ್ಕೆ ಮುಖ್ಯವಾಗಿ ಕರೆಂಟು ಬರುತ್ತಿದ್ದದ್ದು ನಾಲ್ಕು 110 ಕೆವಿ ಭೂಗತ ಕೇಬಲ್‌ಗಳಲ್ಲಿ. ಎರಡರೊಳಗೆ ಅನಿಲ, ಎರಡರೊಳಗೆ ಎಣ್ಣೆ. ಅನಿಲದವು ನಲವತ್ತು ವರ್ಷ ದಾಟಿದ್ದವು. 1998ರ ಜನವರಿ 22ರಂದು ಒಂದು ಹೋಯಿತು. ಅದರ ಭಾರ ಉಳಿದ ಮೂರರ ಮೇಲೆ. ಅಲ್ಲಿ ಅದು ಬೇಸಗೆ, ಮಣ್ಣು ಒಣಗಿತ್ತು. ಫೆಬ್ರವರಿ 9ರಂದು ಎರಡನೆಯದು, 19ರಂದು ಮೂರನೆಯದು, 20ರಂದು ನಾಲ್ಕನೆಯದು. ನಗರದ ನಡುಭಾಗ ಐದು ವಾರ ಹೆಚ್ಚುಕಡಿಮೆ ಕತ್ತಲಲ್ಲಿ ಉಳಿಯಿತು, ಕಚೇರಿಗಳು ಬೇರೆ ಊರುಗಳಿಗೆ ಹೋದವು. ಕೊನೆಗೆ ಅವರು ಏನು ಮಾಡಿದರು ಗೊತ್ತೇ? ರೈಲು ಹಳಿಯ ಬದಿಯಲ್ಲಿ ತುರ್ತಾಗಿ ಕಂಬ ನೆಟ್ಟು ಮೇಲಿನಿಂದ ತಂತಿ ಎಳೆದರು.

ಮೇಲಿನ ತಂತಿ ತುಂಡಾದರೆ ಕಣ್ಣಿಗೆ ಕಾಣುತ್ತದೆ. ಏಣಿ, ಹಗ್ಗ, ನಾಲ್ಕು ಜನ ಇದ್ದರೆ ಸಂಜೆಯೊಳಗೆ ಸರಿ. ಕೇಬಲ್ ಸಿಡಿದದ್ದು ಎಲ್ಲಿ ಎಂದು ತಿಳಿಯಲು ಯಂತ್ರ ಹೊತ್ತ ವ್ಯಾನ್ ಬರಬೇಕು, ಸಂಕೇತ ಕಳಿಸಿ ಮಾರ್ದನಿ ಬರುವ ಹೊತ್ತನ್ನು ಅಳೆಯಬೇಕು, ಅಗೆಯಬೇಕು, ಜಾಯಿಂಟ್ ಹಾಕಬೇಕು. ಜುಲೈಯ ಮಳೆಯಲ್ಲಿ ನೀರು ತುಂಬಿದ ಹೊಂಡದಲ್ಲಿ ಜಾಯಿಂಟ್ ಹಾಕುವುದನ್ನು ಸ್ವಲ್ಪ ಊಹಿಸಿ.

ಇಷ್ಟೆಲ್ಲ ಓದಿದ ಮೇಲೆ ನನಗೆ ಅನಿಸಿದ್ದು ಇಷ್ಟು. ಪುತ್ತೂರಿನ ಮುಖ್ಯರಸ್ತೆ, ಸುಳ್ಯ ಪೇಟೆ, ಸುಬ್ರಹ್ಮಣ್ಯದ ರಥಬೀದಿ, ಕಡಬ ಪೇಟೆ, ಇಂಥ ಕಡೆ 11 ಕೆವಿ ನೆಲದಡಿ ಹೋಗಲಿ. ಏಪ್ರಿಲ್ 17ರಂದು ಪುತ್ತೂರಿನಲ್ಲಿ ಮಹಾಲಿಂಗೇಶ್ವರನ ಬ್ರಹ್ಮರಥ ಎಳೆಯುವಾಗ ಸೇರುವ ಜನ ನೋಡಿದವರಿಗೆ ತಲೆ ಮೇಲಿನ ತಂತಿ ಯಾಕೆ ಬೇಡ ಎಂದು ಬೇರೆ ಹೇಳಬೇಕಿಲ್ಲ. ತೋಟ, ಕಾಡಿನ ನಡುವೆ ಹೊದಿಕೆ ಹಾಕಿದ ತಂತಿ ಸಾಕು. ಕೊಂಬೆ ತಾಗಿದರೂ ಅದು ಕೂಡಲೇ ಟ್ರಿಪ್ ಆಗುವುದಿಲ್ಲ. ಮನೆಗೆ ಬರುವ ಎಲ್‌ಟಿ ಲೈನಿಗೆ ಒಟ್ಟಿಗೆ ಹೆಣೆದ ಬಂಚ್ ಕೇಬಲ್ ಉಂಟು. ಎಲ್ಲಕ್ಕಿಂತ ಮೊದಲು 33 ಕೆವಿಗೆ ಇನ್ನೊಂದು ದಿಕ್ಕಿನ ದಾರಿ ಬೇಕು. ಹಳೆ ತಂತಿ ಬದಲಿಸಿ ಹೊಸ ತಂತಿ ಹಾಕಿದರೂ ದಾರಿ ಒಂದೇ ಇದ್ದರೆ ಹೊಸ ತಂತಿಯ ಮೇಲೆ ಹಳೆಯ ಮರವೇ ಬೀಳುತ್ತದೆ.

ಆದರೆ ತೋಟದ ಪ್ರಶ್ನೆ ಅಲ್ಲೇ ಉಳಿಯಿತು. ಆಗಸ್ಟ್‌ನ ಒಂದು ಭಾನುವಾರ ಇದೆಲ್ಲವನ್ನೂ ದೊಡ್ಡಪ್ಪನಿಗೆ ವಿವರಿಸಿದೆ. ಪೂರ್ತಿ ಕೇಳಿದರು. "ಸರಿ, ನೆಲದಡಿ ಬೇಡ. ಮೇಲಿನಿಂದ ಹೋದ್ರೆ ಎಷ್ಟು ಮರ ಹೋಗ್ತದೆ?" ಎಂದರು.

110 ಕೆವಿ ಲೈನಿನ ಕಾರಿಡಾರ್ 22 ಮೀಟರ್ ಅಗಲ. ಅದರಡಿಯಲ್ಲಿ ಎತ್ತರದ ಮರ ಇರುವಂತಿಲ್ಲ. ನಮ್ಮ ತೋಟದ ಮೇಲ್ಬದಿಯಲ್ಲಿ ಅದು ಹಾದರೆ 80 ಮೀಟರ್ ಉದ್ದ ಸಿಗುತ್ತದೆ. ಅಂದರೆ 43 ಸೆಂಟ್ಸ್. ಅಡಿಕೆ ನೆಡುವ 2.7 ಮೀಟರ್ ಅಂತರದ ಲೆಕ್ಕದಲ್ಲಿ 241 ಮರ. ಹೊಸ ಅಡಿಕೆ ಗಿಡ ಫಸಲು ಕೊಡಲು ಐದಾರು ವರ್ಷ. ಸಂಪಾಜೆ, ಅರಂತೋಡು, ತೊಡಿಕಾನ ಕಡೆಯ ತೋಟಗಳನ್ನು ಹಳದಿ ರೋಗ ತಿಂದು ಹಾಕಿದ್ದನ್ನು ನಾವು ನೋಡಿದ್ದೇವೆ, ಈಗ ಎಲೆಚುಕ್ಕಿ ರೋಗ ಬೇರೆ.

ಪರಿಹಾರದ ಬಗ್ಗೆಯೂ ಓದಿಕೊಂಡಿದ್ದೆ. ಲೈನು ಎಳೆಯಲು ಜಮೀನು ಸ್ವಾಧೀನ ಮಾಡುವುದಿಲ್ಲ. ವಿದ್ಯುತ್ ಕಾಯ್ದೆ 2003ರ 164ನೇ ಸೆಕ್ಷನ್ ಮೂಲಕ, 1885ರ ಟೆಲಿಗ್ರಾಫ್ ಕಾಯ್ದೆಯಲ್ಲಿದ್ದ ಅಧಿಕಾರವನ್ನು ಬಳಸುತ್ತಾರೆ. ಜಾಗದ ಆರ್‌ಟಿಸಿ ನಮ್ಮ ಹೆಸರಿನಲ್ಲೇ ಉಳಿಯುತ್ತದೆ, ಅಡಿಕೆ ಮಾತ್ರ ನೆಡುವಂತಿಲ್ಲ. ಬೆಳೆಯ ಪರಿಹಾರ ಬೇರೆ. ಜಾಗಕ್ಕೆ ಸಂಬಂಧಿಸಿ ಕೇಂದ್ರ ಇಂಧನ ಸಚಿವಾಲಯದ 2015ರ ಮಾರ್ಗಸೂಚಿಯಲ್ಲಿ ಟವರ್ ನಿಲ್ಲುವ ಜಾಗಕ್ಕೆ ಭೂಮಿಯ ಬೆಲೆಯ ಶೇ 85, ಕಾರಿಡಾರಿಗೆ ಹೆಚ್ಚೆಂದರೆ ಶೇ 15 ಎಂದಿತ್ತು. 2024ರ ಜೂನ್‌ನಲ್ಲಿ ಅದು ಟವರಿಗೆ ಶೇ 200, ಗ್ರಾಮೀಣ ಭಾಗದ ಕಾರಿಡಾರಿಗೆ ಶೇ 30 ಆಯಿತು. ಇದು ರಾಜ್ಯಗಳಿಗೆ ಕೊಟ್ಟ ಮಾರ್ಗಸೂಚಿ. "ಬೆಲೆ ಅಂದ್ರೆ ಯಾರು ಹೇಳಿದ ಬೆಲೆ?" ಎಂದು ದೊಡ್ಡಪ್ಪ ಕೇಳಿದರು. ಒಳ್ಳೆಯ ಪ್ರಶ್ನೆ.

ಅವತ್ತು ಮಳೆ ಬಿಟ್ಟಿತ್ತು. ಇಬ್ಬರೂ ಹಗ್ಗ ಹಿಡಿದು ತೋಟಕ್ಕೆ ಇಳಿದೆವು. 22 ಮೀಟರಿಗೆ ಗಂಟು ಹಾಕಿ, ಆ ಬದಿ ಅವರು ಈ ಬದಿ ನಾನು ಹಿಡಿದು, ಮರಕ್ಕೆ ಸುಣ್ಣದ ಗುರುತು ಹಾಕುತ್ತಾ ಎಣಿಸಿದೆವು. 226 ಬಂತು. ನನ್ನ ಲೆಕ್ಕಕ್ಕಿಂತ ಹದಿನೈದು ಕಡಿಮೆ. "ಅದು ಸತ್ತು ಹೋದ ಮರಗಳದ್ದು, ನಿನ್ನ ಪುಸ್ತಕದಲ್ಲಿ ಇರ್ಲಿಕ್ಕಿಲ್ಲ" ಎಂದರು.

ರಾತ್ರಿ ಅರ್ಜಿ ಬರೆಯಲು ಕೂತೆವು. ಲೈನು ಬರುವುದು ಖಚಿತವಾದರೆ ಕೊಡಲು ಕೈಯಲ್ಲಿರಲಿ ಎಂದು. "ಇನ್ನು ಐವತ್ತು ಮೀಟರ್ ಆಚೆಯಿಂದ ಹೋಗಲಿ ಅಂತ ಬರಿ" ಎಂದರು ದೊಡ್ಡಪ್ಪ. ಪೆನ್ನು ಹಿಡಿದವನು ನಿಲ್ಲಿಸಿದೆ. ಐವತ್ತು ಮೀಟರ್ ಆಚೆ ಎಂದರೆ ನೆರೆಮನೆಯ ಮಾವನ ರಬ್ಬರ್ ತೋಟ. ಅವರದ್ದೂ ಎರಡು ಎಕರೆ ಇಲ್ಲ. ಮಗಳ ಬಿಎಸ್ಸಿ ಫೀಸು ಆ ಹಾಲಿನಿಂದಲೇ ಹೋಗುವುದು. ದೊಡ್ಡಪ್ಪನಿಗೂ ಅದು ಹೊಳೆದಿರಬೇಕು, ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಟಾರ್ಚ್ ತೆಗೆದುಕೊಂಡು, "ಬಾ, ಅವರನ್ನೂ ಕೇಳಿ ಬರುವಾ" ಎಂದು ಚಪ್ಪಲಿ ಮೆಟ್ಟಿದರು.

ಈಗ ಅರ್ಜಿಯಲ್ಲಿ ಎರಡು ಮನೆಯ ಹೆಸರಿದೆ. ಗುರುತು ಹಾಕುವ ಮೊದಲು ಇಬ್ಬರ ಎದುರಿನಲ್ಲಿ ಜಂಟಿಯಾಗಿ ಸ್ಥಳ ನೋಡಬೇಕು, ಪಂಚಾಯತ್ ರಸ್ತೆಯ ಬದಿಯಲ್ಲಿ ಕಿರಿದಾದ ಎತ್ತರದ ಕಂಬ ಹಾಕಲು ಸಾಧ್ಯವೇ ಎಂದು ಲಿಖಿತವಾಗಿ ತಿಳಿಸಬೇಕು, ಅಲ್ಲಿ ಆಗದಿದ್ದರೆ ಮರಗಳ ಎಣಿಕೆ ನಮ್ಮ ಕೈಗೂ ಕೊಡಬೇಕು. ಇಷ್ಟೇ ಬರೆದಿದ್ದೇವೆ. ಸಹಿ ಹಾಕುವ ಮೊದಲು ಆ ಮಾವ ಒಂದು ಷರತ್ತು ಹಾಕಿದ್ದಾರೆ. ಅಡಿಕೆ ಮರದ ಲೆಕ್ಕ ಮಾತ್ರ ಇದ್ದರೆ ಸಾಲದು, ರಬ್ಬರಿನದ್ದೂ ಬೇಕು. ಮುಂದಿನ ಭಾನುವಾರ ಹಗ್ಗ ಹಿಡಿದು ಅವರ ತೋಟಕ್ಕೆ ಹೋಗಲಿಕ್ಕೆ ಉಂಟು.